ಹಗಲೆಲ್ಲ ಪಥ್ಯ, ರಾತ್ರಿ ಪ್ಯಾಕೆಟ್ ಖಾಲಿ

ಪ್ರಶ್ನೆ: ನನಗೆ 36 ವರ್ಷ. ಮಂಡಿ ನೋವೆಂದು ತೋರಿಸಿಕೊಂಡಾಗ ಡಾಕ್ಟರು ತೂಕ ಇಳಿಸಿ ಎಂದರು. ಅಂದಿನಿಂದ ಸಿಹಿ, ಕರಿದಿದ್ದು ಎಲ್ಲ ಬಿಟ್ಟಿದ್ದೇನೆ. ಬೆಳಿಗ್ಗೆ ಸಕ್ಕರೆಯಿಲ್ಲದ ಕಾಫಿ, ಮಧ್ಯಾಹ್ನ ಸಲಾಡ್, ರಾತ್ರಿ ಒಂದು ಬಟ್ಟಲು ಸೂಪ್. ಹಗಲೆಲ್ಲ ಬಾಯಿ ಕಟ್ಟಿಕೊಂಡೇ ಇರುತ್ತೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಶುರುವಾಗುತ್ತದೆ ಬಾಯಿ ಚಪಲ. ಒಂದೇ ಬಿಸ್ಕತ್ತು ಎಂದುಕೊಂಡು ಇಡೀ ಪ್ಯಾಕೆಟ್ ಮುಗಿಸುತ್ತೇನೆ. ಮೊನ್ನೆ ಮಗಳಿಗೆಂದು ತಂದಿಟ್ಟಿದ್ದ ಚಾಕೊಲೇಟನ್ನೂ ತಿಂದೆ. ಕವರನ್ನು ಕಸದ ಬುಟ್ಟಿಯಲ್ಲಿ ತರಕಾರಿ ಸಿಪ್ಪೆಯ ಕೆಳಗೆ ತುರುಕಿದೆ. ಬೆಳಿಗ್ಗೆ ಅವಳು ಹುಡುಕಿದಾಗ ಗೊತ್ತಿಲ್ಲ ಎಂದೆ. 'ಎಲ್ಲಿ ಹೋಯ್ತು ನಿನ್ನ ಡಯೆಟ್ಟು?' ಎಂದು ಯಜಮಾನರು ನಗುತ್ತಾರೆ. ಮೇಡಂ, ನನ್ನ ಮನಸ್ಸು ಅಷ್ಟು ದುರ್ಬಲವಾ? ಇದೊಂದು ಚಟವಾ?
– ಹೆಸರು ಬೇಡ

ಉತ್ತರ: ಚಾಕೊಲೇಟಿನ ವಿಷಯ ಆಮೇಲೆ ನೋಡೋಣ. ನನಗೆ ಗಾಬರಿಯಾಗಿದ್ದು ನಿಮ್ಮ ಹಗಲಿನ ಊಟ ನೋಡಿ. ಕಾಫಿ, ಸೊಪ್ಪು, ಸೂಪು. ಇಷ್ಟರ ಮೇಲೆ ಮನೆ, ಮಗು, ಕೆಲಸ ಎಲ್ಲ ನಡೆಯಬೇಕು. ನೀವು ಬಾಯಿ ಚಪಲ ಎಂದು ಬೈದುಕೊಳ್ಳುತ್ತಿರುವುದು ಬಹುಪಾಲು ಬರೀ ಹಸಿವು.

1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಯುದ್ಧದಿಂದ ಕಂಗೆಟ್ಟ ಜನರ ಹಸಿವನ್ನು ಅರಿಯುವುದು ಉದ್ದೇಶ. ತಾವಾಗಿಯೇ ಮುಂದೆ ಬಂದ 36 ಆರೋಗ್ಯವಂತ ಗಂಡಸರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇದ್ದರು. ಅವರಿಗೆ ಹಗಲು ರಾತ್ರಿ ಊಟದ್ದೇ ಧ್ಯಾನ ಆಗಿಹೋಯಿತು. ಅಡುಗೆಮನೆ ಕಡೆ ತಲೆಹಾಕದವರೂ ಅಡುಗೆ ಪುಸ್ತಕ ಹಿಡಿದು ಕೂತರು. ಕೆಲವರು ಕದ್ದು ತಿಂದರು. ಮತ್ತೆ ಧಾರಾಳವಾಗಿ ಊಟ ಸಿಕ್ಕಾಗ ಎಷ್ಟು ತಿಂದರೂ ಸಾಲದು ಎನ್ನುವವರಿದ್ದರು. ಅರೆಹೊಟ್ಟೆ ಎಂದರೆ ಎಷ್ಟು ಗೊತ್ತಾ? ದಿನಕ್ಕೆ ಸುಮಾರು 1,600 ಕ್ಯಾಲೊರಿ. ನಿಮ್ಮ ಕಾಫಿ, ಸಲಾಡ್, ಸೂಪು ಅದರ ಅರ್ಧ ಮುಟ್ಟಿದರೆ ಹೆಚ್ಚು. ಹಾಗಿರುವಾಗ ರಾತ್ರಿ ಕೈ ಡಬ್ಬದ ಕಡೆ ಹೋಗದಿದ್ದರೇ ಆಶ್ಚರ್ಯ.

ಇನ್ನು ಒಂದು ಬಿಸ್ಕತ್ತು ಇಡೀ ಪ್ಯಾಕೆಟ್ ಆಗುವ ಕಥೆ. ಇದನ್ನೂ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 1975ರ ಒಂದು ಪ್ರಯೋಗದಲ್ಲಿ ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಬೇಕಾದಷ್ಟು ಐಸ್‌ಕ್ರೀಮ್ ತಿನ್ನಿ ಎಂದರು. ಮಾಮೂಲಿನಂತೆ ತಿನ್ನುವವರು ಹೊಟ್ಟೆ ತುಂಬಿತೆಂದು ಕಡಿಮೆ ತಿಂದರು. ಸದಾ ಬಾಯಿ ಕಟ್ಟುವವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಜಾಸ್ತಿ ತಿಂದರು! ಹೇಗೂ ಕೆಟ್ಟಿತು, ಇವತ್ತು ತಿಂದುಬಿಡೋಣ, ನಾಳೆಯಿಂದ ಮತ್ತೆ ಕಟ್ಟುನಿಟ್ಟು ಅನ್ನುವ ಲೆಕ್ಕ. ನಿಮ್ಮ ಲೆಕ್ಕವೂ ಇದೇ ಅಲ್ವಾ? ಒಂದು ಬಿಸ್ಕತ್ತಿನಿಂದ ನಿಮ್ಮ ಮಂಡಿಗೆ ಏನೂ ಆಗುವುದಿಲ್ಲ. ಆಗುವುದು ಉಳಿದವುಗಳಿಂದ.

ಹಾಗಾಗಿ ರಾತ್ರಿಯ ಜೊತೆ ಗುದ್ದಾಡುವುದನ್ನು ಬಿಟ್ಟು ಬೆಳಿಗ್ಗೆಯನ್ನು ಸರಿಮಾಡಿಕೊಳ್ಳಿ. ಕಾಫಿಯ ಜೊತೆ ಗಟ್ಟಿಯಾಗಿ ಏನಾದರೂ ತಿನ್ನಿ. ಮೊಟ್ಟೆ, ಕಾಳು, ಮೊಸರು, ನಿಮಗೆ ಒಗ್ಗುವುದು ಯಾವುದಾದರೂ ಸರಿ, ಪ್ರೋಟೀನ್ ಇರಲಿ. ಮಧ್ಯಾಹ್ನ ಸೊಪ್ಪು ತರಕಾರಿಯ ಜೊತೆ ಧಾನ್ಯವೂ ಇರಲಿ. ರಾತ್ರಿ ಸೂಪ್ ಕುಡಿದು ಊಟ ಆಯಿತು ಎನ್ನಬೇಡಿ, ಅದು ಊಟವಲ್ಲ. ತೂಕ ನಿಧಾನಕ್ಕೆ ಇಳಿಯುತ್ತದೆ, ಇಳಿಯಲಿ. ಎರಡು ವಾರ ಹೀಗೆ ಮಾಡಿದ ಮೇಲೆ ಉಳಿಯುವ ಆಸೆ ಎಷ್ಟೋ, ಅಷ್ಟನ್ನೇ ಚಪಲ ಎಂದು ಕರೆಯೋಣ.

ಆ ಚಪಲಕ್ಕೂ ಜಾಗ ಕೊಡಿ. ಚಾಕೊಲೇಟನ್ನು ಪೂರ್ತಿ ಬಿಡಬೇಡಿ. ಮಧ್ಯಾಹ್ನ ಊಟವಾದ ಕೂಡಲೇ ಎರಡು ತುಂಡು ಮುರಿದು ತಟ್ಟೆಗೆ ಹಾಕಿಕೊಂಡು, ಕವರನ್ನು ಒಳಗಿಟ್ಟು, ಕೂತು, ಮಗಳ ಎದುರಿಗೇ ತಿನ್ನಿ. ತುಂಬಿದ ಹೊಟ್ಟೆಯಲ್ಲಿ ಎರಡು ತುಂಡು ಸಾಕಾಗುತ್ತದೆ. ಹಸಿದ ಹೊಟ್ಟೆಯಲ್ಲಿ ನಿಂತುಕೊಂಡು ತಿಂದರೆ ಹತ್ತೂ ಸಾಲದು. ದೊಡ್ಡ ಪ್ಯಾಕೆಟ್ ಬಿಸ್ಕತ್ತನ್ನು ಸದ್ಯಕ್ಕೆ ಮನೆಗೆ ತರಲೇಬೇಡಿ. ಕಣ್ಣೆದುರು ಇಟ್ಟುಕೊಂಡು ಹಲ್ಲು ಕಚ್ಚಿ ಕೂರುವ ಸಾಹಸ ಯಾಕೆ, ಸುಮ್ನೆ?

ರಾತ್ರಿ ಮತ್ತೆ ಆಸೆಯಾದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಉಳಿದ ಊಟವನ್ನು ಬಿಸಿಮಾಡಿ ಕೊಟ್ಟರೆ ತಿನ್ನುತ್ತೇನಾ? ಹೌದು ಎಂದರೆ ಅದು ಹಸಿವು, ಬಡಿಸಿಕೊಂಡು ಕೂತು ತಿನ್ನಿ. ಬೇಡ, ಬಿಸ್ಕತ್ತೇ ಬೇಕು ಎಂದರೆ ಒಂದು ಕಾಲು ಗಂಟೆ ಮನೆಯೊಳಗೇ ಓಡಾಡಿ. ಆಸೆ ಏರಿದ ಹಾಗೆಯೇ ಇಳಿಯುತ್ತದೆ, ತಿನ್ನದಿದ್ದರೂ. ಇಳಿಯಲಿಲ್ಲ ಎಂದರೆ ಒಂದು ತಿಂದು ಮಲಗಿ, ಬೈದುಕೊಳ್ಳಬೇಡಿ. ಹಾಂ, ನಿದ್ದೆಯನ್ನೂ ನೋಡಿಕೊಳ್ಳಿ. ಎರಡೇ ರಾತ್ರಿ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟಾಗ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಶೇ 28ರಷ್ಟು ಏರಿದ್ದು 2004ರ ಅಧ್ಯಯನವೊಂದರಲ್ಲಿ ಕಂಡಿತು. ಸಿಹಿ ಬೇಕೆನ್ನಿಸುವುದೂ ಹೆಚ್ಚಿತ್ತು.

ಮಗಳಿಗೆ ನಿಜ ಹೇಳಿಬಿಡಿ. 'ನಾನೇ ತಿಂದೆ ಪುಟ್ಟಿ, ಇನ್ನೊಂದು ತರ್ತೀನಿ' ಎಂದರೆ ಮುಗಿಯಿತು. ಅವಳಿಗೆ ಅದು ದೊಡ್ಡ ವಿಷಯವಲ್ಲ. ಯಜಮಾನರ ನಗು ಮಾತ್ರ ನನಗೆ ಹಿಡಿಸಲಿಲ್ಲ. ಕೋಪ ಬಂದ ಹೊತ್ತಿನಲ್ಲಿ ಬೇಡ, ಯಾವಾಗಲಾದರೂ ಬಿಡುವಾಗಿದ್ದಾಗ 'ನೀವು ಹಾಗಂದರೆ ನನಗೆ ಕದ್ದು ತಿನ್ನಬೇಕು ಅನ್ನಿಸುತ್ತೆ' ಎಂದು ಹೇಳಿ. ದೊಡ್ಡ ಪ್ಯಾಕೆಟ್ ಬಿಸ್ಕತ್ತು ಮನೆಗೆ ಬರದಂತೆ ನೋಡಿಕೊಳ್ಳುವ ಕೆಲಸವನ್ನು ಅವರಿಗೇ ಒಪ್ಪಿಸಿ.

ಚಟ ಎಂಬ ಪದವನ್ನು ಸದ್ಯಕ್ಕೆ ಬಿಡಿ. ಆದರೆ ಹೊಟ್ಟೆ ತುಂಬ ಉಂಡ ಮೇಲೂ, ವಾರಕ್ಕೊಮ್ಮೆಯಾದರೂ, ನಿಲ್ಲಿಸಲು ಆಗದೆ ಒಂದೇ ಸಮನೆ ತಿನ್ನುವುದು ಮೂರು ತಿಂಗಳು ಮುಂದುವರಿದರೆ ಅದು ಚಿಕಿತ್ಸೆ ಇರುವ ಕಾಯಿಲೆ ಇರಬಹುದು. ತಿಂದದ್ದನ್ನು ವಾಂತಿ ಮಾಡಬೇಕು ಅನ್ನಿಸಿದರಂತೂ ಅಷ್ಟು ದಿನ ಕಾಯಬೇಡಿ. ಮಂಡಿ ನೋಡಿದ ಡಾಕ್ಟರ ಹತ್ತಿರವೇ ಮೊದಲು ಹೇಳಿ, ಮನೋವೈದ್ಯರನ್ನೋ ಆಹಾರ ತಜ್ಞರನ್ನೋ ಕಾಣಲು ಚೀಟಿ ಬರೆಸಿಕೊಳ್ಳಿ.