ಸ್ಟೀರಾಯ್ಡ್ ಇಳಿಸುವಾಗ ನಾಯಿ ಊಟ ಬಿಟ್ಟರೆ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಆರು ವರ್ಷ, ತೂಕ 28 ಕೆ.ಜಿ. ಟಿಕ್ ಫೀವರ್ ಬಂದು ರಕ್ತ ತೀರಾ ಕಡಿಮೆಯಾಗಿತ್ತು. ಅದರ ದೇಹವೇ ರಕ್ತಕಣಗಳನ್ನು ನಾಶ ಮಾಡುತ್ತಿದೆ ಎಂದು ಡಾಕ್ಟರು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಜೊತೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 40 ಮಿ.ಗ್ರಾಂ ಬರೆದರು. ನಾಲ್ಕು ವಾರದ ಮೇಲೆ 30, ಆಮೇಲೆ 20. ನಾಯಿ ಗೆಲುವಾಗಿತ್ತು, ಆದರೆ ಮನೆಯೊಳಗೆಲ್ಲ ಉಚ್ಚೆ ಮಾಡುತ್ತಿತ್ತು. ಹಾಗಾಗಿ 20ಕ್ಕೆ ಬಂದ ಮೇಲೆ ನಾವೇ ನಿಲ್ಲಿಸಿದೆವು. ನಾಲ್ಕು ದಿನದಿಂದ ಮಂಕಾಗಿದೆ. ತಟ್ಟೆ ಮೂಸಿ ಹೊರಟುಬಿಡುತ್ತದೆ, ಹಿಂಗಾಲು ನಡುಗುತ್ತದೆ, ಒಮ್ಮೆ ಹಳದಿ ವಾಂತಿಯಾಯಿತು. ಹಸಿವಿನ ಸಿರಪ್ ಕೊಟ್ಟರೆ ಸಾಕೆ? — ಶಿವಮೊಗ್ಗದ ಓದುಗರು

ಉತ್ತರ: ಸಾಲದು. ಇವತ್ತೇ ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ಯಾವ ದಿನ, ಎಷ್ಟು ಮಿ.ಗ್ರಾಂನಲ್ಲಿದ್ದಾಗ ನಿಲ್ಲಿಸಿದಿರಿ ಎಂಬುದನ್ನು ಮೊದಲೇ ಹೇಳಿ. ಬೈಸಿಕೊಳ್ಳಬೇಕಾದೀತು ಎಂದು ಇದನ್ನು ಮುಚ್ಚಿಡುವವರು ಬಹಳ ಮಂದಿ. ಆಗ ಡಾಕ್ಟರು ಲಿವರ್, ಕಿಡ್ನಿ ಎಂದು ಎಲ್ಲೆಲ್ಲೋ ಹುಡುಕಬೇಕಾಗುತ್ತದೆ.

ಕಿಡ್ನಿಗಳ ಪಕ್ಕದಲ್ಲಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸೋಲ್ ತಯಾರಿಸುತ್ತವೆ. ಹಸಿವು, ರಕ್ತದೊತ್ತಡ, ರಕ್ತದ ಸಕ್ಕರೆ, ಗಾಬರಿಯಾದಾಗ ತಡೆದುಕೊಳ್ಳುವ ಶಕ್ತಿ, ಎಲ್ಲಕ್ಕೂ ಅದು ಬೇಕು. ಪ್ರೆಡ್ನಿಸೊಲೋನ್ ಕೂಡ ಅದೇ ಕೆಲಸ ಮಾಡುತ್ತದೆ, ಇನ್ನೂ ಬಲವಾಗಿ. ಹೊರಗಿನಿಂದ ಇಷ್ಟು ಬರುತ್ತಿದೆ ಎಂದು ತಿಳಿದ ಮೆದುಳು, ಅಡ್ರಿನಲ್‌ಗೆ ಕಳುಹಿಸುವ ಎಸಿಟಿಎಚ್ ಹಾರ್ಮೋನನ್ನು ತಗ್ಗಿಸುತ್ತದೆ. ಒಂದೆರಡು ವಾರಕ್ಕಿಂತ ಹೆಚ್ಚು ಕಾಲ ಹೀಗಾದರೆ ಗ್ರಂಥಿ ಸೊರಗುತ್ತದೆ. ಮಾತ್ರೆ ನಿಂತ ಮರುದಿನವೇ ಅದು ಎದ್ದು ಕೆಲಸಕ್ಕೆ ನಿಲ್ಲುವುದಿಲ್ಲ. ಚೇತರಿಸಿಕೊಳ್ಳಲು ವಾರಗಳು ಬೇಕು, ಕೆಲವು ನಾಯಿಗಳಿಗೆ ತಿಂಗಳುಗಳೇ ಬೇಕು.

ಲೆಕ್ಕ ಹಾಕಿ ನೋಡಿ. ದೇಹದ ಸಹಜ ಅಗತ್ಯಕ್ಕೆ ಸಮನಾದ ಪ್ರೆಡ್ನಿಸೊಲೋನ್ ಕೆ.ಜಿ.ಗೆ ಸುಮಾರು 0.1ರಿಂದ 0.25 ಮಿ.ಗ್ರಾಂ. ನಿಮ್ಮ ನಾಯಿಗೆ ಅದು 3ರಿಂದ 7 ಮಿ.ಗ್ರಾಂ. ಅಂದರೆ 20 ಎಂಬುದು ಅಗತ್ಯದ ಸುಮಾರು ಮೂರರಿಂದ ಏಳು ಪಟ್ಟು. ಅಲ್ಲಿಯವರೆಗೆ ಗ್ರಂಥಿಗೆ ಎಚ್ಚರಗೊಳ್ಳುವ ಕಾರಣವೇ ಇರಲಿಲ್ಲ. ಅದು ಎಚ್ಚರಗೊಳ್ಳುವುದು 20ರಿಂದ ಕೆಳಗಿನ ಮೆಟ್ಟಿಲುಗಳಲ್ಲಿ, ನೀವು ಹಾರಿಬಿಟ್ಟದ್ದು ಸರಿಯಾಗಿ ಅವನ್ನೇ. ರಕ್ತಕಣ ನಾಶದ ಕಾಯಿಲೆಯಲ್ಲಿ ರಕ್ತದ ವರದಿ ನೋಡಿಕೊಂಡು ಎರಡು-ಮೂರು ವಾರಕ್ಕೊಮ್ಮೆ ಕಾಲುಭಾಗದಷ್ಟು ಇಳಿಸುವುದು ರೂಢಿ. ಹಾಗಾಗಿ ಪೂರ್ತಿ ನಿಲ್ಲಿಸಲು ಮೂರರಿಂದ ಆರು ತಿಂಗಳು ಹಿಡಿಯುವುದು ಸಹಜ.

ಆದರೆ ಎಲ್ಲವನ್ನೂ ಮಾತ್ರೆ ನಿಲ್ಲಿಸಿದ್ದರ ಲೆಕ್ಕಕ್ಕೆ ಹಾಕುವಂತಿಲ್ಲ. ಇದಕ್ಕಿಂತ ಅಪಾಯಕಾರಿಯಾದದ್ದು ಮೂಲ ಕಾಯಿಲೆ ಮರುಕಳಿಸುವುದು. ಎರಡರಲ್ಲೂ ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ. ವ್ಯತ್ಯಾಸ ಕಾಣುವುದು ಒಸಡಿನಲ್ಲಿ. ತುಟಿ ಎತ್ತಿ, ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಒಸಡೇ ಬಿಳಿಚಿದ್ದರೆ, ಕಣ್ಣಿನ ಬಿಳಿಭಾಗ ಹಳದಿಯಾಗಿದ್ದರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಕೆಂಪು ರಕ್ತಕಣ ಮತ್ತೆ ಒಡೆಯುತ್ತಿರಬಹುದು. ಹೊಟ್ಟೆಯ ತೆಳು ಚರ್ಮದಲ್ಲಿ, ಕಿವಿಯ ಒಳಮೈಯಲ್ಲಿ ಸೂಜಿ ಮೊನೆಯಷ್ಟು ಕೆಂಪು ಚುಕ್ಕೆ ಕಂಡರೆ ಪ್ಲೇಟ್‌ಲೆಟ್ ಇಳಿದಿದೆ. ಮಲಗಿ ನಿದ್ದೆ ಮಾಡುವಾಗ ಉಸಿರು ನಿಮಿಷಕ್ಕೆ 30 ದಾಟುತ್ತಿದ್ದರೂ ತಡ ಮಾಡಬೇಡಿ. ಇನ್ನು ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿರಬಹುದು, ಸ್ಟೀರಾಯ್ಡ್ ತಿಂದ ನಾಯಿಗಳಲ್ಲಿ ಅದನ್ನು ನೋಡಲೇಬೇಕು. ಕಬ್ಬಿಣದ ಟಾನಿಕ್‌ನಿಂದಲೂ ಮಲ ಕಪ್ಪಾಗುತ್ತದೆ, ಹಾಗಾಗಿ ಟಾನಿಕ್ ಕೊಡುತ್ತಿದ್ದರೆ ಅದನ್ನೂ ಹೇಳಿ.

ಡಾಕ್ಟರು ಪೂರ್ತಿ ರಕ್ತ ಪರೀಕ್ಷೆ, ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ ನೋಡುತ್ತಾರೆ. ಇಲ್ಲೊಂದು ಮಾತು. ಮಾತ್ರೆ ಹಠಾತ್ ನಿಂತು ಹೀಗಾದ ನಾಯಿಗಳಲ್ಲಿ ಸೋಡಿಯಂ-ಪೊಟ್ಯಾಸಿಯಂ ಸಾಮಾನ್ಯವಾಗಿ ನಾರ್ಮಲ್ ಇರುತ್ತದೆ. ಅವನ್ನು ಕಾಯುವ ಆಲ್ಡೊಸ್ಟೆರಾನ್ ಹಾರ್ಮೋನಿಗೆ ಎಸಿಟಿಎಚ್ ಹಂಗು ಅಷ್ಟಾಗಿ ಇಲ್ಲ. ಆದ್ದರಿಂದ ಆ ವರದಿ ಸರಿಯಿದೆ ಎಂದ ಮಾತ್ರಕ್ಕೆ ಅಡ್ರಿನಲ್ ಕಾರಣವಲ್ಲ ಎನ್ನಲಾಗದು. ರಕ್ತ ಸರಿಯಿದ್ದರೆ ಸಾಮಾನ್ಯವಾಗಿ ನಾಯಿ ಚೆನ್ನಾಗಿದ್ದ ಕೊನೆಯ ಡೋಸ್‌ಗೆ ಮರಳಿ, ಕೆಲವು ವಾರ ಅಲ್ಲೇ ನಿಲ್ಲಿಸಿ, ಈ ಸಲ ಚಿಕ್ಕ ಮೆಟ್ಟಿಲುಗಳಲ್ಲಿ ಇಳಿಸುತ್ತಾರೆ. ಕಾಯಿಲೆ ಮರುಕಳಿಸಿದ್ದರೆ ಡೋಸ್ ಬೇರೆಯೇ ಆಗುತ್ತದೆ. ಅದಕ್ಕೇ ಮನೆಯಲ್ಲಿ ಉಳಿದ ಮಾತ್ರೆಯನ್ನು ಅಂದಾಜಿನ ಮೇಲೆ ಶುರು ಮಾಡಬೇಡಿ ಎನ್ನುವುದು. ಕುಸಿದು ಬಿದ್ದರೆ, ಮೈ ತಣ್ಣಗಾದರೆ ಅದು ತುರ್ತು ಸ್ಥಿತಿ. ಡ್ರಿಪ್ ಮತ್ತು ಸ್ಟೀರಾಯ್ಡ್ ಇಂಜೆಕ್ಷನ್ ತಕ್ಷಣ ಬೇಕು, ರಾತ್ರಿಯಾದರೂ ಸರಿ.

ಹಿಂಗಾಲು ನಡುಗುತ್ತಿದೆ ಎಂದು ನೋವಿನ ಮಾತ್ರೆ ಕೊಡುವುದು ಈ ಹೊತ್ತಿನಲ್ಲಿ ಆಗುವ ಅತಿ ದೊಡ್ಡ ಅನಾಹುತ. ಪ್ರೆಡ್ನಿಸೊಲೋನ್ ಜೊತೆ, ಅಥವಾ ಅದು ನಿಂತ ಒಂದು ವಾರದೊಳಗೆ, ಮೆಲಾಕ್ಸಿಕ್ಯಾಂ ಅಥವಾ ಕಾರ್ಪ್ರೊಫೆನ್ ಬಿದ್ದರೆ ಹೊಟ್ಟೆಯಲ್ಲಿ ಹುಣ್ಣಾಗಿ ತೂತು ಬೀಳುವ ಮಟ್ಟಕ್ಕೂ ಹೋಗುತ್ತದೆ. ಐಬುಪ್ರೊಫೆನ್ ಅಂತೂ ನಾಯಿಗೆ ಯಾವಾಗಲೂ ವಿಷ. ನಡುಕ ನೋವಿನದೇ ಆಗಿರಬೇಕೆಂದಿಲ್ಲ. ದೀರ್ಘಕಾಲದ ಸ್ಟೀರಾಯ್ಡ್ ತೊಡೆಯ ಸ್ನಾಯುವನ್ನು ಕರಗಿಸುತ್ತದೆ, ಅದು ತುಂಬಿಕೊಳ್ಳಲು ಕಾಲ ಬೇಕು.

ಉಚ್ಚೆಯ ಕಾಟಕ್ಕೆ ನೀರು ಕಡಿಮೆ ಮಾಡುವುದು ಮದ್ದಲ್ಲ, ನೀರು ಸದಾ ಇರಲಿ. ದಿನದ ಡೋಸ್ ಒಂದೇ ಸಲವಾದರೆ ಬೆಳಿಗ್ಗೆ ಊಟದ ಜೊತೆ ಕೊಡಿ, ಮಲಗುವ ಮುನ್ನ ಒಮ್ಮೆ ಹೊರಗೆ ಕರೆದೊಯ್ಯಿರಿ. ಡೋಸ್ ಇಳಿದಂತೆ ಅದೂ ಇಳಿಯುತ್ತದೆ. ಮಾತ್ರೆ ಪೂರ್ತಿ ನಿಂತ ಮೇಲೂ ಕೆಲವು ತಿಂಗಳು ಎಚ್ಚರವಿರಲಿ: ದೀಪಾವಳಿ ಪಟಾಕಿ, ಬೋರ್ಡಿಂಗ್, ದೂರ ಪ್ರಯಾಣ, ಆಪರೇಷನ್ ಇವುಗಳ ಮುಂಚೆ ಡಾಕ್ಟರಿಗೆ ತಿಳಿಸಿದರೆ ಅಷ್ಟು ದಿನಕ್ಕೆ ಸಣ್ಣ ಡೋಸ್ ಬೇಕೆ ಎಂದು ತೀರ್ಮಾನಿಸುತ್ತಾರೆ.

ಪ್ರಶ್ನೆ: ಮಾತ್ರೆ ಇಳಿಸಿದ ಮೇಲೆ ನಾಯಿ ಊಟ ಕಡಿಮೆ ಮಾಡಿದೆ. ಸಿರಿಂಜಿನಲ್ಲಿ ಗಂಜಿ ಹಾಕಬಹುದೆ? ಏನು, ಎಷ್ಟು ಕೊಡಬೇಕು?

ಉತ್ತರ: ಮೊದಲು, ಯಾವುದಕ್ಕಿಂತ ಕಡಿಮೆ ಎಂದು ನೋಡಿ. ಸ್ಟೀರಾಯ್ಡ್ ಮೇಲಿದ್ದ ನಾಯಿ ಹೊಟ್ಟೆಬಾಕನಾಗಿರುತ್ತದೆ. ಕಾಯಿಲೆಗೆ ಮುಂಚಿನ ಅಳತೆಗೆ ಬಂದು, ಚುರುಕಾಗಿದ್ದರೆ ಅದು ಗುಣವಾಗುವ ಲಕ್ಷಣ. ತಟ್ಟೆಯ ಹತ್ತಿರ ಬಂದು, ತುಟಿ ಸವರಿ, ಜೊಲ್ಲು ಸುರಿಸಿ, ಪದೇ ಪದೇ ನುಂಗಿ, ಮುಖ ತಿರುಗಿಸಿದರೆ ಹಸಿವಿಲ್ಲ ಎಂದಲ್ಲ, ಹೊಟ್ಟೆ ತೊಳಸುತ್ತಿದೆ. ಅಲ್ಲಿ ಹಸಿವಿನ ಸಿರಪ್ ವ್ಯರ್ಥ. ವಾಂತಿ ತಡೆಯುವ ಮರೋಪಿಟಂಟ್ ಅಥವಾ ಒಂಡನ್ಸೆಟ್ರಾನ್ ಮೊದಲು ಬೇಕು, ಡೋಸ್ ಡಾಕ್ಟರು ಹೇಳುತ್ತಾರೆ. ನಮ್ಮಲ್ಲಿ ಬೇಗ ಕೈಗೆ ಸಿಗುವ ಸೈಪ್ರೊಹೆಪ್ಟಡಿನ್ ಸಿರಪ್ ಬೆಕ್ಕಿನಲ್ಲಿ ಮಾಡಿದಷ್ಟು ಕೆಲಸವನ್ನು ನಾಯಿಯಲ್ಲಿ ಮಾಡುವುದಿಲ್ಲ. ಮಿರ್ಟಜಪಿನ್ ಅದಕ್ಕಿಂತ ಮೇಲು.

ಮಲಗಿಯೇ ಇರುವ, ವಾಂತಿ ಮಾಡುವ ನಾಯಿಗೆ ಸಿರಿಂಜಿನಲ್ಲಿ ತುರುಕಬೇಡಿ. ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಇನ್ನೊಂದು, ಬಲವಂತದಿಂದ ತಿಂದ ಆಹಾರವನ್ನು ನಾಯಿ ವಾಕರಿಕೆಯ ಜೊತೆ ಗಂಟು ಹಾಕಿಕೊಂಡು, ಗುಣವಾದ ಮೇಲೂ ಮುಟ್ಟುವುದಿಲ್ಲ. ಮೂರು ದಿನ ಸರಿಯಾಗಿ ತಿನ್ನದಿದ್ದರೆ ಮೂಗಿನಿಂದ ಅನ್ನನಾಳಕ್ಕೆ ತೆಳ್ಳನೆ ಟ್ಯೂಬ್ ಹಾಕಿಸುವುದು ಹೆಚ್ಚು ಸುರಕ್ಷಿತ. ನೋಡಲು ಸಂಕಟವಾಗುತ್ತದೆ, ಆದರೆ ದಿನಕ್ಕೆ ಆರು ಸಲ ಬಾಯಿ ಬಿಡಿಸುವ ಹೋರಾಟಕ್ಕಿಂತ ನಾಯಿಗೆ ಅದೇ ಹಗುರ.

ಎಷ್ಟು ಎಂಬುದಕ್ಕೆ ಒಂದು ಸುಲಭ ಲೆಕ್ಕ: ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿ. ವಿಶ್ರಾಂತಿಯಲ್ಲಿರುವ ನಾಯಿಗೆ ದಿನಕ್ಕೆ ಬೇಕಾದ ಕ್ಯಾಲರಿ ಅದು. 20 ಕೆ.ಜಿ. ನಾಯಿಗೆ 670. ಬೇಯಿಸಿದ ಅನ್ನ 350 ಗ್ರಾಂ, ಚರ್ಮ ತೆಗೆದು ಬೇಯಿಸಿದ ಕೋಳಿಯ ಎದೆ ಮಾಂಸ 130 ಗ್ರಾಂ ಸೇರಿದರೆ ಅಷ್ಟಾಗುತ್ತದೆ. ಮೂರು-ನಾಲ್ಕು ದಿನ ಉಪವಾಸವಿದ್ದರೆ ಮೊದಲ ದಿನ ಮೂರನೇ ಒಂದು ಭಾಗ, ಎರಡನೇ ದಿನ ಮೂರನೇ ಎರಡು, ಮೂರನೇ ದಿನ ಪೂರ್ತಿ. ಒಮ್ಮೆಲೇ ಹೊಟ್ಟೆ ತುಂಬಿಸಿದರೆ ರಕ್ತದ ಫಾಸ್ಫರಸ್, ಪೊಟ್ಯಾಸಿಯಂ ಕುಸಿಯುತ್ತದೆ. ದಿನದ ಪಾಲನ್ನು ಐದಾರು ಸಲಕ್ಕೆ ಹಂಚಿ, ಮೈ ಬಿಸಿಯಷ್ಟೇ ಬೆಚ್ಚಗೆ ಮಾಡಿ ಕೊಡಿ, ವಾಸನೆ ಏಳುತ್ತದೆ. ಹದಿನೈದು ನಿಮಿಷದಲ್ಲಿ ತಿನ್ನದಿದ್ದರೆ ತಟ್ಟೆ ಎತ್ತಿಬಿಡಿ. ಮೂಗಿನ ಮುಂದೆ ಇಟ್ಟೇ ಇದ್ದರೆ ವಾಕರಿಕೆ ಹೆಚ್ಚುತ್ತದೆ. ಮಾಂಸ ಮಾಡದ ಮನೆಯಲ್ಲಿ ಬೇಯಿಸಿದ ಮೊಟ್ಟೆ ಆದೀತು, ಒಂದಕ್ಕೆ ಸುಮಾರು 75 ಕ್ಯಾಲರಿ. ಬರೀ ಮೊಸರನ್ನದಲ್ಲಿ ಪ್ರೋಟೀನ್ ಸಾಲದು. ಈ ಪಥ್ಯ ಒಂದೆರಡು ವಾರಕ್ಕೆ ಮಾತ್ರ, ಇದರಲ್ಲಿ ಕ್ಯಾಲ್ಸಿಯಂ ಇಲ್ಲ.

ರುಚಿಗೆಂದು ಸಾರಿನ ಕೋಳಿ, ಬಿರಿಯಾನಿ, ಅಂಗಡಿಯ ಸೂಪ್ ಪುಡಿ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣವನ್ನು ಒಡೆಯುತ್ತವೆ. ರಕ್ತ ಕಡಿಮೆಯಿರುವ ನಾಯಿಗೆ ಅದನ್ನು ಕೊಡುವುದು ಕಾಯಿಲೆಗೆ ಕೈಜೋಡಿಸಿದಂತೆ.

ಪ್ರಶ್ನೆ: ಮಾತ್ರೆಯನ್ನು ಅನ್ನದಲ್ಲಿ ಬೆರೆಸುತ್ತಿದ್ದೆವು. ಈಗ ಅನ್ನವನ್ನೇ ಬಿಟ್ಟಿದೆ.

ಉತ್ತರ: ಪ್ರೆಡ್ನಿಸೊಲೋನ್ ಕಹಿ. ಪುಡಿ ಮಾಡಿ ಇಡೀ ತಟ್ಟೆಗೆ ಬೆರೆಸಿದರೆ ತಟ್ಟೆಯೇ ಕಹಿಯಾಗುತ್ತದೆ. ಊಟ ಬೇರೆ, ಔಷಧಿ ಬೇರೆ ಇಡಿ. ಮೊದಲು ಮಾತ್ರೆಯಿಲ್ಲದ ಎರಡು ಸಣ್ಣ ತುತ್ತು, ಮೂರನೆಯದರಲ್ಲಿ ಮಾತ್ರೆ, ಹಿಂದೆಯೇ ನಾಲ್ಕನೆಯದು. ಅದೂ ಆಗದಿದ್ದರೆ ಮೇಲ್ದವಡೆ ಹಿಡಿದು, ಮಾತ್ರೆಯನ್ನು ನಾಲಿಗೆಯ ಬುಡದಲ್ಲಿಟ್ಟು, ಬಾಯಿ ಮುಚ್ಚಿ ಗಂಟಲು ನೀವಿ. ಆಮೇಲೆ ಕೆನ್ನೆಯ ಸಂದಿಯಿಂದ 5ರಿಂದ 10 ಮಿ.ಲೀ. ನೀರನ್ನು ನಿಧಾನವಾಗಿ ಬಿಡಿ. ಡಾಕ್ಸಿಸೈಕ್ಲಿನ್‌ಗೆ ಈ ನೀರು ತಪ್ಪಿಸಲೇಬಾರದು. ಅನ್ನನಾಳದಲ್ಲಿ ಸಿಕ್ಕಿಕೊಂಡ ಮಾತ್ರೆ ಅಲ್ಲೇ ಸುಟ್ಟು ಹುಣ್ಣು ಮಾಡುತ್ತದೆ, ನುಂಗುವಾಗ ನೋವಾಗಿ ನಾಯಿ ಊಟ ಬಿಡುತ್ತದೆ. ಬರಿಹೊಟ್ಟೆಯಲ್ಲಿ ಕೊಟ್ಟರೂ ವಾಂತಿ. ಹಾಗೆಂದು ಹಾಲು, ಮೊಸರು, ರಾಗಿ ಅಂಬಲಿಯ ಜೊತೆ ಬೇಡ, ಕ್ಯಾಲ್ಸಿಯಂ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣದ ಟಾನಿಕ್‌ಗೂ ಡಾಕ್ಸಿಸೈಕ್ಲಿನ್‌ಗೂ ಕನಿಷ್ಠ ಎರಡು-ಮೂರು ಗಂಟೆ ಅಂತರವಿರಲಿ. ಒಂದು ಹೊತ್ತು ಮರೆತರೆ ನೆನಪಾದಾಗ ಕೊಡಿ, ಮುಂದಿನದರ ಜೊತೆ ಎರಡು ಸೇರಿಸಬೇಡಿ.

ಪ್ರಶ್ನೆ: ಪ್ರೆಡ್ನಿಸೊಲೋನ್ 10 ಕೇಳಿದರೆ ಅಂಗಡಿಯಲ್ಲಿ ಮಿಥೈಲ್‌ಪ್ರೆಡ್ನಿಸೊಲೋನ್ 8 ಕೊಟ್ಟರು. ಪರವಾಗಿಲ್ಲವೆ?

ಉತ್ತರ: ಬಲದಲ್ಲಿ ಎರಡೂ ಸಮ. ಪ್ರೆಡ್ನಿಸೊಲೋನ್ 5 ಮಿ.ಗ್ರಾಂಗೆ ಮಿಥೈಲ್‌ಪ್ರೆಡ್ನಿಸೊಲೋನ್ 4, ಡೆಕ್ಸಾಮೆಥಸೋನ್ ಸುಮಾರು 0.75 ಸಮ. ಆದರೂ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಮುಂದಿನ ಸಲ ಮತ್ತೆ ಪ್ರೆಡ್ನಿಸೊಲೋನ್ ಸಿಕ್ಕಾಗ ಹಳೆಯ 8ರ ಲೆಕ್ಕದಲ್ಲೇ ಕೊಟ್ಟು ಡೋಸ್ ಗೊತ್ತಿಲ್ಲದೆ ಇಳಿದುಬಿಡುತ್ತದೆ. ಡೆಕ್ಸಾಮೆಥಸೋನ್ ಮಾತ್ರ ಬದಲಿಗೆ ಬೇಡ. ಅದರ ಪ್ರಭಾವ ಒಂದೂವರೆ ದಿನಕ್ಕೂ ಮೀರಿ ಉಳಿಯುವುದರಿಂದ, ದಿನ ಬಿಟ್ಟು ದಿನ ಕೊಟ್ಟು ಇಳಿಸುವ ಕ್ರಮಕ್ಕೆ ಒಗ್ಗುವುದಿಲ್ಲ.

ಪ್ರಶ್ನೆ: ಫಿಟ್ಸ್‌ಗೆ ಕೊಡುವ ಫೀನೊಬಾರ್ಬಿಟಾಲ್ ಊರಿನಲ್ಲಿ ಸಿಗುತ್ತಿಲ್ಲ. ಕೆಲವು ದಿನ ಬಿಟ್ಟರೆ ನಡೆಯುತ್ತದೆಯೆ?

ಉತ್ತರ: ನಡೆಯುವುದಿಲ್ಲ. ಅದು ಹಠಾತ್ ನಿಂತರೆ ಮೊದಲಿಗಿಂತ ಜೋರಾದ ಫಿಟ್ಸ್ ಸಾಲಾಗಿ ಬರಬಹುದು. ಎರಡು ವಾರದ ಮಾತ್ರೆ ಉಳಿದಿರುವಾಗಲೇ ಹೊಸ ಚೀಟಿ ಬರೆಸಿಕೊಳ್ಳಿ, ಇದು ಚೀಟಿಯಿಲ್ಲದೆ ಸಿಗದ ಔಷಧಿ. ಈಗಾಗಲೇ ಮುಗಿದಿದ್ದರೆ ಇವತ್ತೇ ಡಾಕ್ಟರನ್ನು ಕಂಡು ಬದಲಿ ಔಷಧಿ ಕೇಳಿ. ಫಿಟ್ಸ್ 5 ನಿಮಿಷ ದಾಟಿದರೆ, ಅಥವಾ ಒಂದು ದಿನದಲ್ಲಿ ಎರಡು-ಮೂರು ಸಲ ಬಂದರೆ, ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.