ಓದುಗರ ಪ್ರಶ್ನೆ, ನಮ್ಮ ಉತ್ತರ: ಕೆಟ್ಟ ಆಂಪ್ಲಿಫೈಯರ್‌ ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ಪ್ರಶ್ನೆ: ನಾನು ಗಿಟಾರ್ ನುಡಿಸುತ್ತೇನೆ. ಪರಿಚಿತರೊಬ್ಬರು ತಮ್ಮ ಹಳೆಯ, ಕೆಟ್ಟು ನಿಂತಿರುವ ವಾಲ್ವ್ ಆಂಪ್ಲಿಫೈಯರನ್ನು ನನಗೆ ಕೊಟ್ಟಿದ್ದಾರೆ. ಬೆಸುಗೆ ಹಾಕುವುದು ತಕ್ಕಮಟ್ಟಿಗೆ ಬರುತ್ತದೆ, ಮಲ್ಟಿಮೀಟರ್ ಕೂಡ ಇದೆ. ಇದನ್ನೇ ಬಿಚ್ಚಿ ರಿಪೇರಿ ಕಲಿಯಬಹುದೇ?

ಉತ್ತರ: ರಿಪೇರಿಯನ್ನು ಖಂಡಿತ ಕಲಿಯಬಹುದು. ಆದರೆ ಕಲಿಕೆಯ ಮೊದಲ ಯಂತ್ರ ವಾಲ್ವ್ ಆಂಪ್ಲಿಫೈಯರ್ ಆಗುವುದು ಬೇಡ ಎಂಬುದು ನನ್ನ ಸ್ಪಷ್ಟ ಸಲಹೆ. ಅದರೊಳಗೆ ವಾಲ್ವ್‌ಗಳ (ಸಿಗ್ನಲ್ ಹೆಚ್ಚಿಸುವ ಗಾಜಿನ ನಳಿಗೆಗಳ) ಪ್ಲೇಟಿಗೆ ಸಾಮಾನ್ಯವಾಗಿ 300ರಿಂದ 500 ವೋಲ್ಟ್‌ವರೆಗಿನ ಡಿಸಿ ವಿದ್ಯುತ್ ಹೋಗುತ್ತಿರುತ್ತದೆ. ಫಿಲ್ಟರ್ ಕೆಪಾಸಿಟರ್‌ಗಳು ಆ ವಿದ್ಯುತ್ತನ್ನು ಪ್ಲಗ್ ಕಿತ್ತ ನಂತರವೂ ಹಿಡಿದಿಟ್ಟುಕೊಂಡಿರಬಲ್ಲವು. ಅದನ್ನು ಇಳಿಸಲೆಂದೇ ಹಾಕಿರುವ ಬ್ಲೀಡರ್ ರೆಸಿಸ್ಟರ್ ಓಪನ್ ಆಗಿದ್ದರೆ (ಒಳಗೇ ತುಂಡಾಗಿದ್ದರೆ), ಅಥವಾ ಅಂಥದ್ದೊಂದನ್ನು ತಯಾರಕರು ಹಾಕದೇ ಇದ್ದರೆ, ಎಷ್ಟೋ ಹೊತ್ತಿನ ಮೇಲೆ ಮುಟ್ಟಿದವರಿಗೂ ಪ್ರಾಣಾಪಾಯವಾಗುವಷ್ಟು ಶಾಕ್ ಹೊಡೆಯಬಹುದು. ಆದುದರಿಂದ ಮೊದಲು ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಇರುವ ಚಿಕ್ಕ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಒಂದನ್ನು ಹುಡುಕಿಕೊಳ್ಳಿ. ಅದರಲ್ಲಿಯೂ ಪ್ಲಗ್, ಸ್ವಿಚ್, ಫ್ಯೂಸ್ ಮತ್ತು ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ಗೋಡೆಯ ವಿದ್ಯುತ್ ಬರುವ ಸುರುಳಿ) ಇರುವ ಭಾಗ ಅಪಾಯಕಾರಿಯೇ, ಆದರೆ ಉಳಿದ ಬೋರ್ಡಿನ ಮೇಲಿನ ವೋಲ್ಟೇಜ್ ಕೆಲವು ಹತ್ತುಗಳನ್ನು ಮೀರುವುದು ಕಡಿಮೆ. ಎಸ್‌ಎಂಪಿಎಸ್ (ಸ್ವಿಚ್ ಮೋಡ್) ಸಪ್ಲೈ ಇರುವ ಹೊಸ, ಹಗುರ ಮಾದರಿಗಳನ್ನು ಸದ್ಯಕ್ಕೆ ದೂರವಿಡಿ. ಅವುಗಳಲ್ಲಿ 230 ವೋಲ್ಟ್ ವಿದ್ಯುತ್ತನ್ನು ನೇರವಾಗಿ ಡಿಸಿಗೆ ತಿರುಗಿಸಿದಾಗ ಸುಮಾರು 325 ವೋಲ್ಟ್ ಆಗುತ್ತದೆ. ಆ ಭಾಗಕ್ಕೂ ಮನೆಯ ವಿದ್ಯುತ್ ತಂತಿಗೂ ನಡುವೆ ಟ್ರಾನ್ಸ್‌ಫಾರ್ಮರಿನ ತಡೆ ಇರುವುದಿಲ್ಲ.

ಮುಂದೆ ವಾಲ್ವ್ ಯಂತ್ರಕ್ಕೆ ಬಂದಾಗ, ಮುಟ್ಟುವ ಮೊದಲು ಕೆಪಾಸಿಟರ್ ಖಾಲಿ ಮಾಡುವುದನ್ನು ಅಭ್ಯಾಸವಾಗಿಸಿಕೊಳ್ಳಿ. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. 10 ಕಿಲೋಓಮ್, 10 ವ್ಯಾಟ್‌ನ ರೆಸಿಸ್ಟರಿಗೆ ಚೆನ್ನಾಗಿ ಇನ್ಸುಲೇಶನ್ ಇರುವ ತಂತಿ ಮತ್ತು ಕ್ಲಿಪ್‌ಗಳನ್ನು ಬೆಸೆದಿಟ್ಟುಕೊಂಡು, ಅದರ ಒಂದು ತುದಿಯನ್ನು ಚಾಸಿಗೂ (ಯಂತ್ರದ ಲೋಹದ ಚೌಕಟ್ಟಿಗೂ) ಇನ್ನೊಂದು ತುದಿಯನ್ನು ಕೆಪಾಸಿಟರಿನ ಪಾಸಿಟಿವ್ ತುದಿಗೂ ತಾಗಿಸಿ ಹತ್ತು ಹದಿನೈದು ಸೆಕೆಂಡು ಹಿಡಿಯಬೇಕು. ಆಮೇಲೆ ಮೀಟರಿನಲ್ಲಿ ಅಳೆದು, ಒಂದೆರಡು ವೋಲ್ಟಿಗೆ ಇಳಿದಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಕೈ ಹಾಕಬೇಕು. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸಿ ಖಾಲಿ ಮಾಡುವ ರೂಢಿ ಕೆಲವರಲ್ಲಿದೆ. ಅದು ಕೆಪಾಸಿಟರಿಗೂ ಕೆಟ್ಟದ್ದು, ಕಣ್ಣಿಗೂ ಅಪಾಯ. ಚಾಲೂ ಇರುವಾಗ ಅಳೆಯಲೇಬೇಕಾದರೆ ಕಪ್ಪು ಕಡ್ಡಿಯನ್ನು ಚಾಸಿಗೆ ಕ್ಲಿಪ್ ಮಾಡಿ, ಒಂದೇ ಕೈಯಿಂದ ಕೆಂಪು ಕಡ್ಡಿ ಹಿಡಿದು, ಇನ್ನೊಂದು ಕೈಯನ್ನು ಯಂತ್ರದಿಂದ ದೂರವಿಡಿ. ಎರಡೂ ಕೈ ತಾಗಿದರೆ ವಿದ್ಯುತ್ ಎದೆಯ ಮೂಲಕ ಹಾಯುತ್ತದೆ.

ಇನ್ನೊಂದು ಮಾತು: ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರನ್ನು ಎಂದಿಗೂ ನುಡಿಸಬೇಡಿ. ಲೋಡ್ ಇಲ್ಲದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನೊಳಗೆ ಏಳುವ ಅತಿ ವೋಲ್ಟೇಜ್ ಅದರ ಇನ್ಸುಲೇಶನ್ನನ್ನೇ ಸುಡಬಲ್ಲದು. ಆ ಟ್ರಾನ್ಸ್‌ಫಾರ್ಮರ್ ಇಡೀ ಯಂತ್ರದ ಅತ್ಯಂತ ದುಬಾರಿ ಬಿಡಿಭಾಗಗಳಲ್ಲಿ ಒಂದು.

ಪ್ರಶ್ನೆ: ನನ್ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ನುಡಿಸುತ್ತಿರುವಾಗಲೇ ಧ್ವನಿ ಕ್ಷೀಣಿಸುತ್ತದೆ, ಕೆಲವೊಮ್ಮೆ ಪೂರ್ತಿ ನಿಂತುಹೋಗುತ್ತದೆ. ಪೆಟ್ಟಿಗೆಯ ಮೇಲೆ ತಟ್ಟಿದರೆ ಅಥವಾ ತಂತಿಯನ್ನು ಜೋರಾಗಿ ಮೀಟಿದರೆ ಮತ್ತೆ ಬರುತ್ತದೆ. ಔಟ್‌ಪುಟ್ ಐಸಿ ಬದಲಿಸಬೇಕೆಂದು ಒಬ್ಬರು ಹೇಳಿದ್ದಾರೆ. ಸರಿಯೇ?

ಉತ್ತರ: ಐಸಿಯನ್ನು ಈಗಲೇ ಮುಟ್ಟಬೇಡಿ. ತಟ್ಟಿದರೆ ಬರುವ, ತಟ್ಟಿದರೆ ಹೋಗುವ ದೋಷ ಬಹುಪಾಲು ಎಲ್ಲೋ ಒಂದು ಸಂಪರ್ಕ ಸಡಿಲವಾಗಿರುವುದರ ಲಕ್ಷಣ. ಹೊಸಬರಿಗೆ ಎದುರಾಗುವ ದೂರುಗಳಲ್ಲಿ ಇದೇ ಅತಿ ಸಾಮಾನ್ಯವಾದದ್ದು. ಒಂದು ಬಿಡಿಭಾಗವನ್ನೂ ಕೊಳ್ಳದೆ ಸರಿಪಡಿಸಬಹುದಾದದ್ದೂ ಇದೇ ಆಗಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಗಿಟಾರ್ ಮತ್ತು ಕೇಬಲ್ ಎರಡನ್ನೂ ಬದಲಿಸಿ ನೋಡಿ. ಯಂತ್ರವನ್ನು ಬಿಚ್ಚಿ ಗಂಟೆಗಟ್ಟಲೆ ಹುಡುಕಿದ ಮೇಲೆ ಕೇಬಲ್ಲಿನ ಪ್ಲಗ್ಗಿನೊಳಗೆ ತಂತಿ ತುಂಡಾಗಿರುವುದು ಕಾಣುವ ಪ್ರಸಂಗಗಳು ಕಡಿಮೆಯೇನಲ್ಲ. ಅವು ಸರಿಯಿದ್ದರೆ ಆಂಪ್ಲಿಫೈಯರಿನ ಹಿಂಭಾಗವನ್ನು ನೋಡಿ. ಅಲ್ಲಿ ಎಫೆಕ್ಟ್‌ಗಳಿಗಾಗಿ ಸೆಂಡ್ ಮತ್ತು ರಿಟರ್ನ್ ಎಂಬ ಎರಡು ಜ್ಯಾಕ್‌ಗಳಿದ್ದರೆ, ಒಂದು ಚಿಕ್ಕ ಗಿಟಾರ್ ಕೇಬಲ್ಲಿನಿಂದ ಅವೆರಡನ್ನೂ ಜೋಡಿಸಿ ನುಡಿಸಿ. ಧ್ವನಿ ಗಟ್ಟಿಯಾಗಿ ನಿಂತರೆ ದೋಷ ಸಿಕ್ಕಿತೆಂದೇ ತಿಳಿಯಿರಿ. ರಿಟರ್ನ್ ಜ್ಯಾಕಿನೊಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಪ್ಲಗ್ ಹಾಕದಿದ್ದಾಗ ಪ್ರೀಆಂಪಿನ (ಗಿಟಾರಿನ ಸಿಗ್ನಲ್ ಪಡೆಯುವ ಮೊದಲ ಹಂತದ) ಸಿಗ್ನಲ್ ಆ ಸ್ವಿಚ್ಚಿನ ಮೂಲಕವೇ ಪವರ್ ಆಂಪಿಗೆ (ಸ್ಪೀಕರನ್ನು ನಡೆಸುವ ಕೊನೆಯ ಹಂತಕ್ಕೆ) ಹೋಗಬೇಕು. ವರ್ಷಗಟ್ಟಲೆ ಬಳಸದೆ ಬಿಟ್ಟಾಗ ಅದರ ಲೋಹದ ನಾಲಿಗೆಯ ಮೇಲೆ ಕಿಲುಬು ಕಟ್ಟಿ ಸಿಗ್ನಲ್ ಅರ್ಧಂಬರ್ಧ ದಾಟುತ್ತದೆ. ಜೋರಾಗಿ ಮೀಟಿದಾಗ ಬರುವ ದೊಡ್ಡ ಸಿಗ್ನಲ್ ಆ ತೆಳು ಪದರವನ್ನು ಭೇದಿಸಿ ಹಾಯುವುದರಿಂದಲೇ ನಿಮಗೆ ಧ್ವನಿ ಮತ್ತೆ ಬಂದಂತೆ ಕೇಳುತ್ತಿರಬಹುದು. ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರನ್ನು ಗಿಟಾರ್ ಪ್ಲಗ್ಗಿಗೆ ಸ್ವಲ್ಪ ಸಿಂಪಡಿಸಿ ಆ ಜ್ಯಾಕಿನಲ್ಲಿ ಹಲವು ಬಾರಿ ಹಾಕಿ ತೆಗೆಯಿರಿ, ಒಣಗಲು ಬಿಡಿ. ನಾಲಿಗೆಯ ಬಿಗಿಯೇ ಹೋಗಿದ್ದರೆ ಜ್ಯಾಕನ್ನೇ ಬದಲಿಸಬೇಕಾಗುತ್ತದೆ.

ಇದರಿಂದ ಸರಿಹೋಗದಿದ್ದರೆ ಬೋರ್ಡನ್ನು ಹೊರತೆಗೆದು ಬೆಸುಗೆಗಳನ್ನು ನೋಡಬೇಕು. ಒಳ್ಳೆಯ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು, ಬೋರ್ಡನ್ನು ಓರೆಯಾಗಿಸಿ ನೋಡಿ. ಡ್ರೈ ಸೋಲ್ಡರ್ ಆಗಿರುವ, ಅಂದರೆ ಬೆಸುಗೆ ಬಿಟ್ಟುಕೊಂಡಿರುವ ಕಡೆ ಪಿನ್ನಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ ಕಾಣುತ್ತದೆ. ಇನ್‌ಪುಟ್ ಜ್ಯಾಕ್‌ಗಳು, ವಾಲ್ಯೂಮ್ ಮತ್ತು ಟೋನ್ ಕಂಟ್ರೋಲ್‌ಗಳು, ಬಿಸಿಯಾಗುವ ದೊಡ್ಡ ರೆಸಿಸ್ಟರ್‌ಗಳು, ಬೋರ್ಡುಗಳ ನಡುವಣ ರಿಬ್ಬನ್ ಕೇಬಲ್ಲಿನ ಕನೆಕ್ಟರ್‌ಗಳು, ಇವುಗಳ ಕಾಲುಗಳನ್ನೇ ಮೊದಲು ಪರೀಕ್ಷಿಸಿ. ಜ್ಯಾಕ್‌ಗಳು ದಿನವೂ ಎಳೆತ ತಿನ್ನುತ್ತವೆ, ರೆಸಿಸ್ಟರ್‌ಗಳು ಕಾದು ತಣ್ಣಗಾಗುತ್ತ ತಮ್ಮ ಬೆಸುಗೆಯನ್ನು ತಾವೇ ಸಡಿಲಿಸಿಕೊಳ್ಳುತ್ತವೆ. ಅನುಮಾನವಿರುವ ಕಡೆ ಹಳೆಯ ಸೀಸವನ್ನು ಹೀರಿ ತೆಗೆದು ಹೊಸದಾಗಿ ಬೆಸೆಯುವುದು ಒಳ್ಳೆಯದು. ಹಳೆಯದರ ಮೇಲೆಯೇ ಇನ್ನಷ್ಟು ಸೀಸ ಬಳಿದರೆ ಅದು ಬಹಳ ದಿನ ಬಾಳುವುದಿಲ್ಲ.

ಪ್ರಶ್ನೆ: ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಸುಡುತ್ತಿದೆ. ಬದಲಿಸಿದೆ, ಅದೂ ಸುಟ್ಟಿತು. ಇನ್ನೂ ದಪ್ಪ ಫ್ಯೂಸ್ ಹಾಕಿ ನೋಡು ಎನ್ನುತ್ತಾರೆ ಗೆಳೆಯರು. ಹಾಕಬಹುದೇ?

ಉತ್ತರ: ಹಾಕಲೇಬಾರದು. ಈಗ ಫ್ಯೂಸ್ ಸುಟ್ಟು ಟ್ರಾನ್ಸ್‌ಫಾರ್ಮರನ್ನು ಉಳಿಸುತ್ತಿದೆ. ದಪ್ಪ ಫ್ಯೂಸ್ ಹಾಕಿದರೆ ಟ್ರಾನ್ಸ್‌ಫಾರ್ಮರೇ ಸುಟ್ಟು ಫ್ಯೂಸನ್ನು ಉಳಿಸುತ್ತದೆ, ಬೆಂಕಿ ಹತ್ತುವ ಸಂಭವವೂ ಉಂಟು. ಹಿಂಬದಿಯಲ್ಲಿ ಬರೆದಿರುವ ಆಂಪಿಯರ್ ಬೆಲೆಯ, ಅದೇ ಬಗೆಯ ಫ್ಯೂಸೇ ಆಗಬೇಕು. ಟಿ ಅಕ್ಷರವಿದ್ದರೆ ಅದು ನಿಧಾನವಾಗಿ ಸುಡುವ ಬಗೆ, ಎಫ್ ಇದ್ದರೆ ಬೇಗ ಸುಡುವ ಬಗೆ.

ಫ್ಯೂಸ್‌ಗಳನ್ನು ಒಂದರ ಮೇಲೊಂದು ಸುಡುತ್ತ ಹೋಗುವ ಬದಲು ಸೀರೀಸ್ ಬಲ್ಬ್ ಕಟ್ಟಿಕೊಳ್ಳಿ. 60 ಅಥವಾ 100 ವ್ಯಾಟ್‌ನ ಹಳೆಯ ಕಾಲದ ತಂತಿಯ ಬಲ್ಬನ್ನು ಆಂಪ್ಲಿಫೈಯರಿಗೆ ಹೋಗುವ ಫೇಸ್ ತಂತಿಯಲ್ಲಿ ಸೀರೀಸ್ ಆಗಿ ಬರುವಂತೆ ಒಂದು ಪೆಟ್ಟಿಗೆಯಲ್ಲಿ ಜೋಡಿಸಬೇಕು. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಯಂತ್ರ ಸರಿಯಿದ್ದರೆ ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಹೊಳೆದು ಮಂಕಾಗುತ್ತದೆ. ಒಳಗೆ ಶಾರ್ಟ್ ಇದ್ದರೆ ಪೂರ್ಣ ಪ್ರಕಾಶದಲ್ಲಿ ಉರಿಯುತ್ತಲೇ ಇರುತ್ತದೆ, ಆದರೆ ಮತ್ತೇನೂ ಸುಡುವುದಿಲ್ಲ. ಗೋಡೆಯ ವಿದ್ಯುತ್ತಿನ ಜೋಡಣೆ ಅಭ್ಯಾಸವಿಲ್ಲದವರು ಈ ಪೆಟ್ಟಿಗೆಯನ್ನು ಎಲೆಕ್ಟ್ರಿಷಿಯನ್ ಒಬ್ಬರಿಂದಲೇ ಮಾಡಿಸಿಕೊಳ್ಳುವುದು ಸೂಕ್ತ.

ಬಲ್ಬ್ ಉರಿಯುತ್ತಲೇ ಇದ್ದರೆ ಪ್ಲಗ್ ಕಿತ್ತು, ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ತಂತಿಗಳನ್ನು ಬೋರ್ಡಿನಿಂದ ಬಿಡಿಸಿ, ತುದಿಗಳಿಗೆ ಟೇಪ್ ಸುತ್ತಿ ಮತ್ತೆ ನೋಡಿ. ಆಗಲೂ ಉರಿದರೆ ದೋಷ ಟ್ರಾನ್ಸ್‌ಫಾರ್ಮರಿನಲ್ಲಿ ಅಥವಾ ಅದಕ್ಕೂ ಮುಂಚಿನ ವೈರಿಂಗಿನಲ್ಲಿದೆ. ಮಂಕಾದರೆ ಟ್ರಾನ್ಸ್‌ಫಾರ್ಮರ್ ಬಹುಮಟ್ಟಿಗೆ ಸರಿಯಿದೆ. ಆಗ ಮೀಟರನ್ನು ಡಯೋಡ್ ಪರೀಕ್ಷೆಗೆ ಇಟ್ಟು ಎಸಿಯನ್ನು ಡಿಸಿ ಮಾಡುವ ಬ್ರಿಡ್ಜಿನ ನಾಲ್ಕೂ ಡಯೋಡ್‌ಗಳನ್ನು ಅಳೆಯಿರಿ. ಸರಿಯಿರುವ ಸಿಲಿಕಾನ್ ಡಯೋಡ್ ಒಂದು ದಿಕ್ಕಿನಲ್ಲಿ ಸುಮಾರು 0.5ರಿಂದ 0.7 ವೋಲ್ಟ್ ತೋರಿಸುತ್ತದೆ, ಶಾರ್ಟ್ ಆದದ್ದು ಎರಡೂ ದಿಕ್ಕಿನಲ್ಲಿ ಸೊನ್ನೆಯ ಹತ್ತಿರ ತೋರಿಸುತ್ತದೆ. ಅವು ಸರಿಯಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಕಲೆಕ್ಟರ್ ಮತ್ತು ಎಮಿಟರ್ ನಡುವೆ ಅಳೆಯಿರಿ. ಹೆಚ್ಚಿನ ಸಲ ಶಾರ್ಟ್ ಸಿಗುವುದು ಇಲ್ಲಿಯೇ. ಒಂದು ಟ್ರಾನ್ಸಿಸ್ಟರ್ ಹೋಗಿದ್ದರೆ ಅದರ ಜೋಡಿಯನ್ನೂ, ಹಿಂದಿನ ಡ್ರೈವರ್ ಟ್ರಾನ್ಸಿಸ್ಟರ್‌ಗಳನ್ನೂ, ಪಕ್ಕದ ಕಡಿಮೆ ಓಮ್‌ನ ಎಮಿಟರ್ ರೆಸಿಸ್ಟರ್‌ಗಳನ್ನೂ ಪರೀಕ್ಷಿಸದೆ ಹೊಸದನ್ನು ಹಾಕಬೇಡಿ, ಏಕೆಂದರೆ ಉಳಿದುಕೊಂಡ ಒಂದೇ ಒಂದು ಕೆಟ್ಟ ಭಾಗ ಹೊಸ ಟ್ರಾನ್ಸಿಸ್ಟರನ್ನು ಮರುಕ್ಷಣವೇ ತಿಂದುಹಾಕುತ್ತದೆ. ಹೀಟ್‌ಸಿಂಕಿಗೂ ಟ್ರಾನ್ಸಿಸ್ಟರಿಗೂ ನಡುವಿನ ಅಭ್ರಕದ ಹಾಳೆ ಹರಿದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಹೊಸ ಭಾಗ ಹಾಕಿದ ಮೇಲೆ ಸೀರೀಸ್ ಬಲ್ಬಿನೊಂದಿಗೇ, ಸ್ಪೀಕರ್ ಜೋಡಿಸದೆ, ಔಟ್‌ಪುಟ್ಟಿನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. ಟ್ರಾನ್ಸಿಸ್ಟರ್ ಯಂತ್ರಕ್ಕೆ ಲೋಡ್ ಇಲ್ಲದಿದ್ದರೆ ತೊಂದರೆಯಿಲ್ಲ. ಕೆಲವು ಹತ್ತು ಮಿಲಿವೋಲ್ಟ್‌ಗಳೊಳಗೆ ಇದ್ದರೆ ಸ್ಪೀಕರ್ ಜೋಡಿಸಬಹುದು. ಹಲವು ವೋಲ್ಟ್‌ಗಳಿದ್ದರೆ ಸ್ಪೀಕರಿನ ಕಾಯಿಲ್ ಸುಟ್ಟುಹೋಗುತ್ತದೆ. ಇಷ್ಟರಲ್ಲಿ ಸ್ಪೀಕರ್ ಉಳಿದಿದೆಯೇ ಎಂಬುದನ್ನೂ ನೋಡಿಕೊಳ್ಳಿ: 8 ಓಮ್ ಎಂದು ಬರೆದಿರುವ ಸ್ಪೀಕರ್ ಮೀಟರಿನಲ್ಲಿ 6ರಿಂದ 7 ಓಮ್‌ನಷ್ಟು ತೋರಿಸುವುದು ಸಹಜ.

ಪ್ರಶ್ನೆ: ವಾಲ್ಯೂಮ್ ಸೊನ್ನೆಯಲ್ಲಿಟ್ಟರೂ ಗುಂಯ್ ಎಂಬ ಶಬ್ದ ಬರುತ್ತಲೇ ಇರುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ತೆಗೆದರೆ ಕಡಿಮೆಯಾಗುತ್ತದೆ ಎಂದು ಕೇಳಿದ್ದೇನೆ.

ಉತ್ತರ: ಅರ್ಥ್ ಪಿನ್ನನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಒಳಗೆ ಫೇಸ್ ತಂತಿ ಚಾಸಿಗೆ ತಾಗಿದರೆ ಗಿಟಾರಿನ ಉಕ್ಕಿನ ತಂತಿಗಳಿಗೂ ವಿದ್ಯುತ್ ಹರಿಯುತ್ತದೆ, ಆಗ ನಿಮ್ಮನ್ನು ಕಾಯುವುದು ಆ ಅರ್ಥ್ ಒಂದೇ. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಶಬ್ದ ಬದಲಾಗದಿದ್ದರೆ ಅದು ಆ ಕಂಟ್ರೋಲಿನ ನಂತರದ ಭಾಗದಿಂದ ಬರುತ್ತಿದೆ. ಸರಬರಾಜು 50 ಹರ್ಟ್ಸ್ ಇರುವಲ್ಲಿ ಫಿಲ್ಟರ್ ಕೆಪಾಸಿಟರ್ ಒಣಗಿದಾಗ ಕೇಳುವುದು ಸಾಮಾನ್ಯವಾಗಿ 100 ಹರ್ಟ್ಸ್‌ನ ಒರಟು ಗುಂಯ್‌ಗುಡುವಿಕೆ. 50 ಹರ್ಟ್ಸ್‌ನ ಮೆತ್ತನೆಯ ಶಬ್ದವಾದರೆ ಗ್ರೌಂಡ್ ತಂತಿ ಬಿಟ್ಟುಹೋಗಿರುವ ಅಥವಾ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಸಿಗ್ನಲ್ ತಂತಿಗೆ ತಾಗುತ್ತಿರುವ ಸಂಭವ ಹೆಚ್ಚು. ಕೆಪಾಸಿಟರ್ ಬದಲಿಸುವಾಗ ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್ ಇರುವುದನ್ನು ತೆಗೆದುಕೊಂಡು, ಪಾಸಿಟಿವ್ ನೆಗೆಟಿವ್ ತುದಿಗಳನ್ನು ಎರಡೆರಡು ಬಾರಿ ನೋಡಿ ಹಾಕಿ. ತಿರುಗುಮುರುಗಾದರೆ ಅದು ಸಿಡಿಯುತ್ತದೆ.

ಪ್ರಶ್ನೆ: ಧ್ವನಿಯೇ ಬಾರದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಒಂದರ ಎಲ್ಲ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೂ ಬದಲಿಸಿದೆ. ಪವರ್ ದೀಪ ಉರಿಯುತ್ತದೆ, ಆದರೂ ಧ್ವನಿ ಇಲ್ಲ. ಮುಂದೇನು?

ಉತ್ತರ: ಹಳೆಯ ಯಂತ್ರ ಕಂಡ ಕೂಡಲೇ ಕೆಪಾಸಿಟರ್‌ಗಳನ್ನೆಲ್ಲ ಬದಲಿಸಿಬಿಡುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ, ನನಗೆ ಅದು ಒಪ್ಪಿಗೆಯಿಲ್ಲ. ದೋಷ ಎಲ್ಲಿದೆಯೆಂದು ತಿಳಿಯುವ ಮೊದಲೇ ಹತ್ತಾರು ಕಡೆ ಬೆಸುಗೆ ಬಿಚ್ಚಿದರೆ, ಮೂಲ ದೋಷದ ಜೊತೆಗೆ ಹೊಸ ದೋಷಗಳೂ ಸೇರಿಕೊಳ್ಳಬಹುದು. ಆದುದರಿಂದ ಮೊದಲು ನೀವು ಹಾಕಿದ ಪ್ರತಿಯೊಂದರ ದಿಕ್ಕನ್ನೂ, ಅದರ ಕೆಳಗಿನ ತಾಮ್ರದ ಗೆರೆ ಎದ್ದು ಬಂದಿಲ್ಲವೆಂಬುದನ್ನೂ ನೋಡಿಕೊಳ್ಳಿ.

ಬಳಿಕ ಯಂತ್ರವನ್ನು ಎರಡು ಭಾಗವಾಗಿ ಯೋಚಿಸಿ. ರಿಟರ್ನ್ ಜ್ಯಾಕಿಗೆ ಫೋನಿನಿಂದ ಹಾಡೊಂದನ್ನು ಸಣ್ಣ ಧ್ವನಿಯಲ್ಲಿ ಕೊಟ್ಟಾಗ ಸ್ಪೀಕರಿನಲ್ಲಿ ಕೇಳಿದರೆ ಪವರ್ ಆಂಪ್ ಮತ್ತು ಸ್ಪೀಕರ್ ಸರಿಯಿವೆ, ದೋಷ ಪ್ರೀಆಂಪಿನಲ್ಲಿ ಅಥವಾ ರಿಟರ್ನ್ ಜ್ಯಾಕಿನ ಸ್ವಿಚ್ಚಿನಲ್ಲಿದೆ. ಕೇಳದಿದ್ದರೆ ಪವರ್ ಆಂಪನ್ನೇ ಮೊದಲು ನೋಡಬೇಕು. ಸೆಂಡ್ ಜ್ಯಾಕಿನಿಂದ ಬೇರೊಂದು ಆಂಪ್ಲಿಫೈಯರಿಗೆ ಕೇಬಲ್ ಎಳೆದು ಗಿಟಾರ್ ನುಡಿಸಿದರೆ ಪ್ರೀಆಂಪಿನ ಸ್ಥಿತಿ ಇನ್ನೂ ಖಚಿತವಾಗುತ್ತದೆ.

ದೋಷ ಪ್ರೀಆಂಪಿನಲ್ಲಿ ಎಂದಾದರೆ ಆಪ್‌ಆಂಪ್ ಐಸಿಗಳ (ಸಿಗ್ನಲ್ ಹೆಚ್ಚಿಸುವ ಚಿಕ್ಕ ಚಿಪ್‌ಗಳ) ಸಪ್ಲೈ ಅಳೆಯಿರಿ. ಟಿಎಲ್072, 4558 ಮೊದಲಾದ ಎಂಟು ಕಾಲಿನ ಜೋಡಿ ಆಪ್‌ಆಂಪ್‌ಗಳಲ್ಲಿ 8ನೇ ಪಿನ್ ಪಾಸಿಟಿವ್, 4ನೇ ಪಿನ್ ನೆಗೆಟಿವ್. ಅನೇಕ ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ಅಲ್ಲಿ ಪ್ಲಸ್ 15 ಮತ್ತು ಮೈನಸ್ 15 ವೋಲ್ಟ್‌ನ ಆಸುಪಾಸು ಇರುತ್ತದೆ. ಎರಡರಲ್ಲಿ ಒಂದು ಇಲ್ಲದಿದ್ದರೆ ಆ ವೋಲ್ಟೇಜನ್ನು ಕೊಡುವ ಝೀನರ್ ಡಯೋಡ್ ಮತ್ತು ಅದರ ಮೊದಲಿನ ದೊಡ್ಡ ರೆಸಿಸ್ಟರನ್ನು ಹುಡುಕಿ. ಅದರ ಸುತ್ತ ಬೋರ್ಡ್ ಕಂದುಗಟ್ಟಿರುವುದರಿಂದ ಕಣ್ಣಿಗೆ ಬೀಳುವುದು ಕಷ್ಟವಲ್ಲ. ಪವರ್ ದೀಪ ಬೇರೆ ದಾರಿಯಿಂದ ಉರಿಯುತ್ತಿರಬಹುದಾದ್ದರಿಂದ ಅದೊಂದನ್ನೇ ನಂಬಬೇಡಿ. ಸಪ್ಲೈ ಎರಡೂ ಇದ್ದರೆ 1 ಮತ್ತು 7ನೇ ಪಿನ್‌ಗಳನ್ನು ಅಳೆಯಿರಿ. ಅವು ಔಟ್‌ಪುಟ್‌ಗಳು, ಸಿಗ್ನಲ್ ಇಲ್ಲದಾಗ ಸೊನ್ನೆಯ ಹತ್ತಿರ ಇರಬೇಕು. ಯಾವುದಾದರೊಂದು 13 ಅಥವಾ 14 ವೋಲ್ಟಿನಲ್ಲಿ ಅಂಟಿಕೊಂಡಿದ್ದರೆ ಆ ಐಸಿ ಅಥವಾ ಅದರ ಸುತ್ತಲಿನ ರೆಸಿಸ್ಟರ್‌ಗಳ ಮೇಲೆ ಅನುಮಾನಪಡಬೇಕು. ಅಳೆಯುವಾಗ ಕಡ್ಡಿ ಜಾರಿ ಅಕ್ಕಪಕ್ಕದ ಎರಡು ಪಿನ್‌ಗಳನ್ನು ಸೇರಿಸದಂತೆ, ಕಡ್ಡಿಯ ಚೂಪು ತುದಿಯಷ್ಟನ್ನೇ ಬಿಟ್ಟು ಉಳಿದದ್ದಕ್ಕೆ ಇನ್ಸುಲೇಶನ್ ತೋಳು ಹಾಕಿಕೊಳ್ಳಿ.

ಪ್ರತಿಯೊಂದು ಐಸಿಯ ಎಂಟೂ ಪಿನ್‌ಗಳ ಅಳತೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ರಿಟರ್ನ್ ಜ್ಯಾಕಿನ ಪರೀಕ್ಷೆಯ ಫಲಿತಾಂಶದೊಂದಿಗೆ ನಮಗೆ ಕಳುಹಿಸಿ. ಅವುಗಳನ್ನು ನೋಡಿದರೆ ಯಾವ ಹಂತದಲ್ಲಿ ಸಿಗ್ನಲ್ ನಿಂತಿದೆಯೆಂದು ಬಹುಮಟ್ಟಿಗೆ ಹೇಳಲು ಸಾಧ್ಯವಾಗುತ್ತದೆ.