ಬೆಂಗಳೂರಿನಿಂದ ಅಡಿಸ್ ಅಬಾಬಾ ಮೂಲಕ ಮಲಾವಿಗೆ: ವಿಮಾನಭಯದ ಪ್ರಶ್ನೆಗೆ ಪ್ರತಿಕ್ರಿಯೆ
ಕ್ರೈಸ್ತ ಸೇವೆಗಾಗಿ ಆಫ್ರಿಕಾದ ಮಲಾವಿ ದೇಶಕ್ಕೆ ಹೊರಟಿದ್ದೀರಿ, ಆದರೆ ವಿಮಾನವೆಂದರೆ ಭಯ, ಏನು ಮಾಡಲಿ ಎಂದು ಕೇಳಿದ್ದೀರಿ. ಕಳೆದ ಸಲ ಟೇಕಾಫ್ ಆದ ಒಂದೆರಡು ನಿಮಿಷದಲ್ಲೇ ವಿಮಾನ ಕುಸಿದಂತೆ ನಿಮಗೆ ಅನಿಸಿದ್ದಕ್ಕೆ ಬಹುಮಟ್ಟಿಗೆ ಕಾರಣ, ಆ ಹಂತದಲ್ಲಿ ಪೈಲಟ್ ಎಂಜಿನ್ನಿನ ಬಲವನ್ನು ತಗ್ಗಿಸುವುದು. ಸದ್ದು ಒಮ್ಮೆಲೇ ಇಳಿದು, ಏರುವ ವೇಗ ತುಸು ಕುಗ್ಗಿದ್ದನ್ನೇ ಒಳಗಿವಿಯು ಬೀಳುವಿಕೆಯೆಂದು ಭ್ರಮಿಸುತ್ತದೆ, ವಿಮಾನವಾದರೋ ಆಗಲೂ ಮೇಲೇರುತ್ತಲೇ ಇರುತ್ತದೆ.

ಮೊದಲು ರೆಕ್ಕೆಯ ನೇರದ ಆಸನವನ್ನು ಕಾಯ್ದಿರಿಸಿ, ಅಲ್ಲಿ ಕುಲುಕಾಟ ಕಡಿಮೆ. ಹೊರಡುವ ದಿನ ಕಾಫಿ ಬಿಡಿ. ಒಳಗೆ ಹೋದೊಡನೆ ಗಗನಸಖಿಗೆ ಭಯದ ವಿಷಯ ತಿಳಿಸಿ. ಕುಲುಕಾಟ ಶುರುವಾದಾಗ ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಿ, ಟ್ರೇಯ ಮೇಲಿನ ಅರ್ಧ ಲೋಟ ನೀರನ್ನು ನೋಡಿ. ಮೈ ನಡುಗಿದಷ್ಟು ಅದು ಸಾಮಾನ್ಯವಾಗಿ ತುಳುಕುವುದಿಲ್ಲ. ನೀವು ಕಲಿಯುತ್ತಿರುವ, ಮಲಾವಿಯ ಭಾಷೆಯಾದ ಚಿಚೆವಾದ ಪಾಠಗಳನ್ನು ಕಿವಿಗೆ ಹಾಕಿಕೊಳ್ಳಿ. ‘ಮುಲಿ ಬ್ವಾಂಜಿ’ (ಹೇಗಿದ್ದೀರಿ) ಎಂದು ಇಪ್ಪತ್ತು ಸಲ ಗೊಣಗಿದರೂ ಪಕ್ಕದವರು ಜಪವೆಂದುಕೊಂಡಾರು.

ನೀವು ವಿಮಾನ ಬದಲಿಸುವ, ಇಥಿಯೋಪಿಯಾದ ಅಡಿಸ್ ಅಬಾಬಾ ವಿಮಾನನಿಲ್ದಾಣ ಸುಮಾರು 2,300 ಮೀಟರ್ ಎತ್ತರದಲ್ಲಿರುವುದರಿಂದ, ಅಲ್ಲಿ ಬ್ಯಾಗ್ ಹೊತ್ತು ಮೆಟ್ಟಿಲೇರುವಾಗ ಏದುಸಿರು ಬಂದರೆ ಅದನ್ನು ಭಯದ ಲೆಕ್ಕಕ್ಕೆ ಸೇರಿಸದೆ ನಿಧಾನವಾಗಿ ನಡೆಯಿರಿ. ಭಯ ತಗ್ಗಿಸುವ ಮಾತ್ರೆ ಎಲ್ಲರಿಗೂ ಒಂದೇ ರೀತಿ ಒಗ್ಗುವುದಿಲ್ಲವಾದ್ದರಿಂದ ವೈದ್ಯರನ್ನು ಕೇಳಿ, ಮನೆಯಲ್ಲೊಮ್ಮೆ ಸೇವಿಸಿ ನೋಡಿ.

ಸೇವೆಗೆ ಹೊರಟವರಿಗೆ ಈ ಭಯ ದೇವರಲ್ಲಿ ಅವಿಶ್ವಾಸವೇ ಎಂದೂ ಕೇಳಿದ್ದೀರಿ. ನನ್ನ ಮಟ್ಟಿಗೆ ಅಲ್ಲ. ನಿಮ್ಮ ಚರ್ಚಿನ ಸಭಾಪಾಲಕರಿಗೆ ಈ ಭಯದ ವಿಷಯ ಈ ವಾರವೇ ತಿಳಿಸಿ. ಮಲಾವಿಯ ರಾಜಧಾನಿ ಲಿಲಾಂಗ್ವೆಯಲ್ಲಿ ಕರೆದೊಯ್ಯಲು ಬರುವವರ ಫೋನ್ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ.